ಉಬ್ರಾಣಿ ಹೋಬಳಿಯ ತೋಟದವರಿಗೆ, ಅಡಿಕೆ ಸುಲಿಯುವವರಿಗೆ: ಡೆಂಗಿ

ಈಡಿಸ್ ಹೆಣ್ಣು ಸೊಳ್ಳೆ ಹಗಲು ಕಚ್ಚುತ್ತದೆ. ಚುಚ್ಚಿದ ಜಾಗದಲ್ಲಿ ಎಡಿಪಿ ಎಂಬ ಅಣು ಹೊರಬಿದ್ದು, ರಕ್ತ ಕಟ್ಟಲು ಪ್ಲೇಟ್‌ಲೆಟ್‌ಗಳನ್ನು ಕರೆಯುತ್ತದೆ. ಸೊಳ್ಳೆಯ ಜೊಲ್ಲಿನ ಅಪೈರೇಸ್ ಕಿಣ್ವ ಆ ಎಡಿಪಿಯನ್ನೇ ಒಡೆಯುತ್ತದೆ. ರಕ್ತ ಕಟ್ಟುವುದಿಲ್ಲ, ಸೊಳ್ಳೆ ಕುಡಿಯುತ್ತದೆ. ಅದೇ ಜೊಲ್ಲಿನಲ್ಲಿ ವೈರಸ್ ಮೈಸೇರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವೂ ಇದೆ.

ಮಾಡಬೇಕಾದ್ದು

• ತೋಟದಲ್ಲಿ ಬಿದ್ದ ಹಾಳೆ ಅಂದಂದೇ ಎತ್ತಿ. ಅದರಲ್ಲಿ ನಿಂತ ಬೊಗಸೆ ನೀರು ಸೊಳ್ಳೆಗೆ ಧಾರಾಳ.
• ಎತ್ತಿದ ಹಾಳೆಯನ್ನು ಸೂರಿನಡಿ ಒಟ್ಟಿ.
• ಹಳೇ ಟೈರು, ತೆಂಗಿನ ಚಿಪ್ಪು ಬೋರಲು ಹಾಕಿ.
• ಡ್ರಮ್ಮು, ತೊಟ್ಟಿ ವಾರಕ್ಕೊಮ್ಮೆ ಬರಿದು ಮಾಡಿ.
• ಅವುಗಳ ಒಳಗೋಡೆ ತಿಕ್ಕಿ ತೊಳೆಯಿರಿ. ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ನೀರು ಸೋಕಿದರೆ ಮರಿಯಾಗುತ್ತದೆ.
• ಸುಲಿಯಲು ಕೂರುವ ಮುಂಚೆ ಕೈಕಾಲು ಮುಚ್ಚಿಕೊಳ್ಳಿ.
• ಜ್ವರ ಬಂದವರನ್ನು ಹಗಲೂ ಸೊಳ್ಳೆಪರದೆಯೊಳಗೆ ಮಲಗಿಸಿ. ಅವರನ್ನು ಕಚ್ಚಿದ ಸೊಳ್ಳೆ 8–12 ದಿನದ ಮೇಲೆ ಮನೆಮಂದಿಗೆಲ್ಲ ಹಂಚುತ್ತದೆ.
• ಮೊದಲ 5 ದಿನದೊಳಗೆ ಎನ್‌ಎಸ್1 ರಕ್ತಪರೀಕ್ಷೆ ಮಾಡಿಸಿ.
• ಜ್ವರಕ್ಕೆ ವೈದ್ಯರು ಹೇಳಿದಷ್ಟೇ ಪ್ಯಾರಸಿಟಮಾಲ್ ಕೊಡಿ.
• ಓಆರ್‌ಎಸ್, ಗಂಜಿ, ಎಳನೀರು ಕುಡಿಸುತ್ತಲೇ ಇರಿ.
• ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಕಪ್ಪು ಮಲ, ತಣ್ಣಗಾದ ಕೈಕಾಲು: ಇದರಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ.

ಮಾಡಬಾರದ್ದು

• ಆಸ್ಪಿರಿನ್ ಬೇಡ.
• ಐಬುಪ್ರೊಫೆನ್ ಬೇಡ.
• ಮೈಕೈ ನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಬೇಡ. ಈ ಮೂರೂ ಸೊಳ್ಳೆಯ ಜೊಲ್ಲು ಮಾಡಿದ ಕೆಲಸವನ್ನೇ ಮಾಡುತ್ತವೆ, ಪ್ಲೇಟ್‌ಲೆಟ್ ಒಗ್ಗೂಡಲು ಬಿಡುವುದಿಲ್ಲ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಮೊದಲೇ ಕುಸಿದಿರುತ್ತದೆ. ಒಳಗೇ ರಕ್ತ ಸುರಿದು ಸಾಯಬಹುದು.
• ಹೃದಯಕ್ಕೆಂದು ಆಸ್ಪಿರಿನ್ ನುಂಗುವವರು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.
• ಪರಂಗಿ ಎಲೆ ರಸ ನಂಬಿ ಆಸ್ಪತ್ರೆ ತಪ್ಪಿಸಬಾರದು.
• ಸಂಜೆ ಹೊಗೆ ಹಾಕಿದೆವೆಂದು ಹಗಲು ಮೈಮರೆಯಬಾರದು.
• ಕಚ್ಚಿದಲ್ಲಿ ಕೆರೆಯಬಾರದು. ತುರಿಕೆ ಜೊಲ್ಲಿನ ಪ್ರೋಟೀನಿಗೆ ಮೈ ಕೊಡುವ ಉತ್ತರ, ಉಗುರು ತಾಗಿದರೆ ಹುಣ್ಣು.
• 'ನಮಗೆ ಒಮ್ಮೆ ಬಂದು ಹೋಗಿದೆ' ಎಂಬ ಧೈರ್ಯ ಬೇಡ. ವೈರಸ್‌ನಲ್ಲಿ 4 ಬಗೆ. ಎರಡನೇ ಸಲ ಬೇರೆ ಬಗೆ ತಗುಲಿದರೆ ಅಪಾಯ ಹೆಚ್ಚು.
• ಜ್ವರ ಬಿಟ್ಟಿತೆಂದು ಕೊಯ್ಲಿಗೆ ಹೋಗಬಾರದು. ರಕ್ತನಾಳದಿಂದ ದ್ರವ ಸೋರುವುದು ಜ್ವರ ಇಳಿಯುವ ಹೊತ್ತಿಗೇ. ಇನ್ನೂ 2 ದಿನ ಮನೆಯವರ ಕಣ್ಣೆದುರೇ ಇರಿ.