ಸೌರಮನೆ ಸ್ಪರ್ಧೆ: ಮೊದಲು ಸೆಖೆಯ ಲೆಕ್ಕ, ಆಮೇಲೆ ಪ್ಯಾನೆಲ್

ಬಿಸಿಲಿನ ಶಕ್ತಿಯಲ್ಲೇ ನಡೆಯುವ ಮನೆಯನ್ನು ವಿದ್ಯಾರ್ಥಿಗಳೇ ರೂಪಿಸುವ ‘ಸೋಲಾರ್ ಡೆಕಾಥ್ಲಾನ್’ 2002ರಲ್ಲಿ ವಾಷಿಂಗ್ಟನ್‌ನಲ್ಲಿ ಶುರುವಾಯಿತು. ಹತ್ತು ವಿಭಾಗಗಳಲ್ಲಿ ಅಂಕ. ಮುಂಬೈ ಐಐಟಿಯ ‘ಟೀಮ್ ಶೂನ್ಯ’ 2014ರಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ಮನೆ ಕಟ್ಟಿ ತೋರಿಸಿತ್ತು. ಬೆಂಗಳೂರಿನ ಐಐಎಚ್‌ಎಸ್ ಸಂಸ್ಥೆಯು ಇಂಧನ ದಕ್ಷತೆಯ ಸಂಸ್ಥೆ ಎಇಇಇ ಜೊತೆ ಸೇರಿ ಭಾರತದ ಆವೃತ್ತಿ ಆರಂಭಿಸಿದ ಮೇಲೆ ಭಟ್ಕಳದ ಎಂಜಿನಿಯರಿಂಗ್ ಹುಡುಗರಿಗೂ, ಹೊನ್ನಾವರ–ಕುಮಟಾದಿಂದ ಹೊರಗೆ ಓದಲು ಹೋದವರಿಗೂ ದಾರಿ ಹತ್ತಿರವಾಗಿದೆ.

ತಂಡ ಕಟ್ಟಿ. ಬರೀ ಸಿವಿಲ್‌ನವರು ಸಾಲದು. ಆರ್ಕಿಟೆಕ್ಚರ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಬೇಕು. ನಿಜವಾಗಿ ಮನೆ ಕಟ್ಟಿಸಲು ಹೊರಟ ಒಬ್ಬರನ್ನು ಹಿಡಿಯಿರಿ. ಕಲ್ಪನೆಯ ಮಾಲೀಕನಿಗೆ ಬಜೆಟ್ಟೇ ಇರುವುದಿಲ್ಲ.

ಮುಂದಿನ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುವುದು. ಕಂಪ್ಯೂಟರಿನಲ್ಲಿ ಮನೆಯ ವಿದ್ಯುತ್ ಲೆಕ್ಕ ಹಾಕಲು ಹವಾಮಾನದ ಕಡತ ಬೇಕು. ಸುಲಭಕ್ಕೆ ಸಿಕ್ಕಿತೆಂದು ಬೆಂಗಳೂರಿನ ಕಡತ ಹಾಕುತ್ತಾರೆ. ಅಲ್ಲಿಗೆ ಇಡೀ ವಿನ್ಯಾಸ ಕೆಟ್ಟಿತು. ಬೆಂಗಳೂರಿನಲ್ಲಿ ರಾತ್ರಿ ತಂಪು. ದಪ್ಪ ಗೋಡೆ ಹಗಲಿನ ಬಿಸಿ ಹೀರಿಟ್ಟು ರಾತ್ರಿ ಬಿಟ್ಟರೂ ನಡೆಯುತ್ತದೆ. ಕುಮಟಾದ ಮೇ ತಿಂಗಳಲ್ಲಿ ರಾತ್ರಿಯೂ ಬೆವರು. ಬಿಸಿಲು ಬಿದ್ದ ಚಿರೆಕಲ್ಲಿನ ಗೋಡೆ ಮಲಗುವ ಹೊತ್ತಿಗೇ ಕಾವು ಬಿಡುತ್ತದೆ. ಇಲ್ಲಿ ಬೇಕಾದದ್ದು ಗೋಡೆಗೆ ನೆರಳು, ಒಳಗೆ ಎದುರುಬದುರು ಗಾಳಿ. ಮಂಗಳೂರಿನ ಅಥವಾ ಪಣಜಿಯ ಕಡತ ಹಾಕಿ ನೋಡಿ, ಉತ್ತರವೇ ಬೇರೆ ಬರುತ್ತದೆ. ಇನ್ನೊಂದು ಮಾತು: ನಮ್ಮ ಊರುಗಳು ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ಉತ್ತರದ ಕಿಟಕಿಗೂ ಸಜ್ಜಾ ಬೇಕು.

ನಮ್ಮಂಥ ಸೆಖೆಯ ವಲಯಕ್ಕೆ ಮನೆಗಳ ಇಂಧನ ಉಳಿತಾಯದ ನಿಯಮಾವಳಿಯಾದ ‘ಇಕೋ ನಿವಾಸ್ ಸಂಹಿತೆ’ (2018) ನೆಲದ ವಿಸ್ತೀರ್ಣದ 16.66% ತೆರೆಯಬಲ್ಲ ಕಿಟಕಿ-ಬಾಗಿಲು ಕೇಳುತ್ತದೆ. ಎರಡು ಹಲಗೆಯ ಸ್ಲೈಡಿಂಗ್ ಕಿಟಕಿ ಅರ್ಧವೇ ತೆರೆಯುವುದು, ಅರ್ಧವನ್ನೇ ಎಣಿಸಿ. ಗಾಜಿನ ಪೆಟ್ಟಿಗೆ ಕಟ್ಟಿ ಮೇಲೆ ಏಸಿ ಕೂರಿಸುವುದು ನನ್ನ ದೃಷ್ಟಿಯಲ್ಲಿ ಸೌರಮನೆಯೇ ಅಲ್ಲ.

ಈಗ ವಿದ್ಯುತ್ ಖರ್ಚು ತಗ್ಗಿಸಿ. 75 ವ್ಯಾಟ್‌ನ ಹಳೆ ಫ್ಯಾನ್ ತೆಗೆದು ಕಡಿಮೆ ವಿದ್ಯುತ್ತಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ 30ರ ಆಸುಪಾಸಿಗೆ ಇಳಿಯುತ್ತದೆ. ಉಳಿದ ಬೇಡಿಕೆಗಷ್ಟೇ ಪ್ಯಾನೆಲ್ ಹಾಕಿ. ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಎನ್ನುವುದು ವರ್ಷದ ಲೆಕ್ಕ. ಜುಲೈ ಮೋಡದಲ್ಲಿ ಅದನ್ನು ನಂಬಿ ಕೂರಬೇಡಿ. ಪ್ಯಾನೆಲ್‌ಗೆ ಜಾಗ ನೋಡುವಾಗ ತೆಂಗಿನಮರದ ನೆರಳು ಬೆಳಿಗ್ಗೆ, ಸಂಜೆ ಎಲ್ಲಿಗೆ ಬೀಳುತ್ತದೆಂದು ಗುರುತಿಸಿಕೊಳ್ಳಿ.

ಕಡಲ ಪಕ್ಕವಾದರೆ ಪ್ಯಾನೆಲ್ ಬಿಗಿಯುವ ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ನೀರಿನ ಲೆಕ್ಕಕ್ಕೂ ಅಂಕವಿದೆ, ಮಳೆನೀರು ಮರೆಯಬೇಡಿ. ನಿಯಮಾವಳಿ ಬದಲಾಗುತ್ತಿರುತ್ತದೆ, ಸೀನಿಯರುಗಳು ಕೊಟ್ಟ ಹಳೆ ಪಿಡಿಎಫ್ ಬದಿಗಿಟ್ಟು ಈ ವರ್ಷದ್ದನ್ನೇ ಓದಿ.