ಜೀವಕೋಶದ ಕಸಗುಡಿಕೆಯೂ ವೈರಸ್ಸಿನ ಕಿಲಾಡಿತನವೂ

ನಮ್ಮ ಜೀವಕೋಶಗಳು ತಮ್ಮ ಕಸವನ್ನು ತಾವೇ ಗುಡಿಸಿಕೊಳ್ಳುತ್ತವೆ. ಸವೆದ ಭಾಗಗಳನ್ನೂ ಒಳನುಗ್ಗಿದ ರೋಗಾಣುಗಳನ್ನೂ ತೆಳುಪೊರೆಯ ಚೀಲದಲ್ಲಿ ಕಟ್ಟಿ, ಲೈಸೋಸೋಮ್ ಎಂಬ ಜೀರ್ಣಚೀಲಕ್ಕೆ ಒಯ್ದು ಕರಗಿಸುತ್ತವೆ. ಇದೇ ಸ್ವಭಕ್ಷಣೆ. ಇದರ ಗುಟ್ಟನ್ನು ಯೀಸ್ಟಿನಲ್ಲಿ ಬಿಡಿಸಿದ ಜಪಾನಿನ ಯೋಶಿನೋರಿ ಓಸುಮಿಯವರಿಗೆ 2016ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಆದರೆ ವೈರಸ್ ಮಹಾ ಕಿಲಾಡಿ! ಮಳೆಗಾಲದಲ್ಲಿ ಅನ್ನೂರಿನವರೂ ಅಂಜುವ ಡೆಂಗ್ಯೂವನ್ನೇ ನೋಡಿರಿ. ಹಗಲು ಕಚ್ಚುವ ಈಡಿಸ್ ಸೊಳ್ಳೆ ಇದನ್ನು ತರುತ್ತದೆ (ನಿಂತ ನೀರು ಚೆಲ್ಲಲು ಮರೆಯದಿರಿ). ಕೋಶ ಹೊಕ್ಕ ಈ ವೈರಸ್ ಸ್ವಭಕ್ಷಣೆಯನ್ನು ನಿಲ್ಲಿಸುವುದಿಲ್ಲ, ಚುರುಕುಗೊಳಿಸುತ್ತದೆ. ಕೋಶ ಕೂಡಿಟ್ಟ ಕೊಬ್ಬನ್ನು ಅದರಿಂದಲೇ ಕರಗಿಸಿ, ಆ ಶಕ್ತಿಯಿಂದ ತಾನು ವೃದ್ಧಿಯಾಗುತ್ತದೆ. ಕಾವಲುಗಾರನ ಕೈಯಿಂದಲೇ ಕಣಜದ ಬೀಗ ತೆಗೆಸಿದಂತೆ! ಹರ್ಪಿಸ್ ವೈರಸ್ಸಿನ ಉಪಾಯ ಬೇರೆ. ಅದು ಚೀಲ ಕಟ್ಟುವ ಕೆಲಸವನ್ನೇ ತಡೆಯುತ್ತದೆ.

ಇದರಿಂದ ಔಷಧ ಹುಡುಕುವವರಿಗೆ ಇಕ್ಕಟ್ಟು. ಸ್ವಭಕ್ಷಣೆಯನ್ನು ಹೆಚ್ಚಿಸುವ ಮದ್ದು ಹರ್ಪಿಸಿಗೆ ಅಡ್ಡಿಯಾದರೂ ಡೆಂಗ್ಯೂವಿಗೆ ಊಟ ಬಡಿಸಿದಂತಾಗಬಹುದು.