ಮೆತ್ತಗಾದ ಬ್ರೇಕು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ಕಾರು ನಡಿಸುತ್ತಾರೆ. ಮೊದಲನೆಯ ಕಾರು ಹೆಚ್ಚಾಗಿ ಇನ್ನೊಬ್ಬರ ಕೈಯಿಂದ ಬಂದದ್ದೇ ಆಗಿರುವದು. ಕೊಂಡ ನಾಲ್ಕು ದಿನಗಳಲ್ಲಿ, ಬ್ರೇಕನ್ನು ತುಳಿದರೆ ಕಾಲು ಹತ್ತಿಯ ಮೂಟೆಯೊಳಗೆ ಇಳಿದಂತೆ ತೋರಿತೆನ್ನಿರಿ. ಮಾರಿದವನನ್ನು ಕೇಳಿದರೆ, “ಎರಡು ಸಾರಿ ತುಳಿಯಿರಿ ಅಮ್ಮಾ, ಹಿಡಿಯುತ್ತದೆ, ಹಳೆಯ ಗಾಡಿ ಹಾಗೆಯೇ” ಎಂದು ಉತ್ತರ ಬರುವದು. ಆದರೆ ಮಗುವೊಂದು ರಸ್ತೆಗೆ ಓಡಿಬಂದಾಗ ಎರಡನೆಯ ಸಾರಿ ತುಳಿಯಲಿಕ್ಕೆ ವೇಳೆ ಎಲ್ಲಿರುವದು?

ವಿಜ್ಞಾನದ ಪಾಠವನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳೋಣ. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡವು ಕುಂದದೆ ಎಲ್ಲಾ ಕಡೆಗೂ ಹರಡುವದೆಂದು ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲನು (1623–1662) ತೋರಿಸಿದನು. ಎರಡು ಸಿರಿಂಜುಗಳಲ್ಲಿ ನೀರು ತುಂಬಿಸಿ ರಬ್ಬರು ಕೊಳವೆಯಿಂದ ಜೋಡಿಸಿರಿ. ಒಂದನ್ನು ಒತ್ತಿದ ಕೂಡಲೆ ಇನ್ನೊಂದು ಏಳುವದು. ನಡುವೆ ಗಾಳಿಯ ಗುಳ್ಳೆಯನ್ನು ಬಿಟ್ಟರೆ ಮೊದಲು ಆ ಗಾಳಿಯು ಕುಗ್ಗುವದು, ಆಮೇಲೆ ಎದುರಿನದು ಅಲುಗುವದು. ಕಾರಿನ ಬ್ರೇಕು ಇದೇ ಸಿರಿಂಜುಗಳ ಆಟ. ಪೆಡಲಿನ ಬಳಿಯಲ್ಲಿ ಮಾಸ್ಟರ್ ಸಿಲಿಂಡರು, ಚಕ್ರಗಳ ಬಳಿಯಲ್ಲಿ ಚಿಕ್ಕ ಸಿಲಿಂಡರುಗಳು.

ಪರೀಕ್ಷೆಯನ್ನು ನಿಂತ ಕಾರಿನಲ್ಲಿಯೇ ಮಾಡಬಹುದು. ಸಮನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನನ್ನು ಆರಿಸಿ, ಪೆಡಲನ್ನು ನಾಲ್ಕೈದು ಸಾರಿ ತುಳಿಯಿರಿ. ಆಮೇಲೆ ಒಂದು ನಿಮಿಷದ ವರೆಗೆ ಒಂದೇ ಸಮನಾಗಿ ಒತ್ತಿ ಹಿಡಿಯಿರಿ. ಪೆಡಲು ಮೆಲ್ಲಮೆಲ್ಲನೆ ಇಳಿಯುತ್ತಾ ಹೋದರೆ ದ್ರವವು ಎಲ್ಲಿಯೋ ಜಾರುತ್ತಿದೆ. ಚಕ್ರಗಳ ಒಳಬದಿ, ಕೊಳವೆಗಳು, ಪೆಡಲಿನ ಮೇಲ್ಭಾಗ ಇವುಗಳಲ್ಲಿ ತೇವವಿದೆಯೋ ನೋಡಿರಿ. ಎಲ್ಲಿಯೂ ತೇವವಿಲ್ಲದೆ, ಡಬ್ಬಿಯ ಮಟ್ಟವೂ ತಗ್ಗದೆ ಇದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸವೆದಿರುವದೆಂದು ಸಂಶಯಪಡಬೇಕು. ಮೊದಲನೆಯ ತುಳಿತಕ್ಕೆ ಆಳಕ್ಕೆ ಹೋಗಿ, ಎರಡನೆಯದಕ್ಕೆ ಮೇಲೆಯೇ ಕಲ್ಲಿನಂತೆ ನಿಂತರೆ ಹಿಂದಿನ ಡ್ರಮ್ಮಿನ ಶೂಗಳು ದೂರ ಸರಿದಿರಬಹುದು. ಮೇಲೆ ಬಂದರೂ ಸ್ಪ್ರಿಂಗಿನಂತೆ ಪುಟಿಯುತ್ತಿದ್ದರೆ ಗಾಳಿ ಸೇರಿರಬಹುದು. ಮುಪ್ಪಾದ ರಬ್ಬರು ಕೊಳವೆ ಉಬ್ಬಿದರೂ ಹಾಗೆಯೇ ಆಗುವದು. ಒತ್ತಿ ಹಿಡಿದಿರುವಾಗಲೇ ಎಂಜಿನನ್ನು ಹೊರಡಿಸಿದರೆ ಪೆಡಲು ತುಸು ಇಳಿಯುವದು ಸಹಜ. ಇದಕ್ಕೆ ಹೆದರುವವರು ಬಹಳ. ಸಹಾಯಕ ಯಂತ್ರವು ಕೆಲಸ ಮಾಡುತ್ತಿದೆಯೆಂಬದಕ್ಕೆ ಅದೇ ಗುರುತು.

ಇನ್ನು ಆ ದ್ರವದ ಸಂಗತಿ. ಜನರು ಅದನ್ನು ಬ್ರೇಕ್ ಆಯಿಲ್ ಎನ್ನುತ್ತಾರೆ. ಆದರೆ ಸಾಮಾನ್ಯ ಕಾರುಗಳಲ್ಲಿರುವದು ಎಣ್ಣೆಯೇ ಅಲ್ಲ. ಎಂಜಿನ್ ಆಯಿಲನ್ನಾಗಲಿ ಸೀಮೆ ಎಣ್ಣೆಯನ್ನಾಗಲಿ ಅದರಲ್ಲಿ ಹೊಯ್ದರೆ ಒಳಗಿನ ರಬ್ಬರುಗಳು ಉಬ್ಬಿ ಕೆಡುವವು. ಈ ದ್ರವವು ಉಪ್ಪಿನಂತೆ ಗಾಳಿಯ ತೇವವನ್ನು ಹೀರುವದು. ಡಾಟ್ 3 ಎಂಬ ಜಾತಿಯು ಹೊಸದಾಗಿರುವಾಗ 205 ಡಿಗ್ರಿ ಸೆಲ್ಸಿಯಸಿನ ಕೆಳಗೆ ಕುದಿಯಬಾರದು. ನೀರು ಹೀರಿದ ಮೇಲೆ ಅದರ ಮಿತಿಯು 140ಕ್ಕೆ ಇಳಿಯುವದು. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಬ್ರೇಕಿನ ಮೇಲಿಂದ ಕಾಲು ತೆಗೆಯದವರ ಕಾರಿನಲ್ಲಿ ಹಳೆಯ ದ್ರವವು ಕುದಿದು ಆವಿಯಾಗಬಹುದು. ಆವಿಯು ಗಾಳಿಯಂತೆಯೇ ಕುಗ್ಗುವದು. ಊರೊಳಗೆ ಚೆನ್ನಾಗಿದ್ದ ಬ್ರೇಕು ಘಟ್ಟದ ತಿರುವಿನಲ್ಲಿ ಪಾತಾಳಕ್ಕಿಳಿಯುವದು ಹೀಗೆ. ಕೆಳಗಿನ ಗೇರಿನಲ್ಲಿ ಇಳಿಯಬೇಕೆಂದು ಹಿರಿಯ ಚಾಲಕರು ಹೇಳುವದಕ್ಕೆ ಇದೊಂದು ಕಾರಣ. ಹಿಂದಿನ ಮಾಲಿಕರು ದ್ರವವನ್ನು ಯಾವಾಗ ಬದಲಿಸಿದರೆಂದು ತಿಳಿಯದಿದ್ದರೆ ಕೂಡಲೆ ಬದಲಿಸಿರಿ. ಮಟ್ಟ ತಗ್ಗಿದ್ದರೆ ತುಂಬಿಸಿ ಸುಮ್ಮನಾಗಬೇಡಿರಿ. ಪ್ಯಾಡುಗಳು ಸವೆದಿರಬೇಕು, ಇಲ್ಲವೆ ಸೋರಿಕೆ ಇರಬೇಕು.

ಗಾಳಿ ತೆಗೆಯಿಸಿದ ಮೇಲೆಯೂ ಪೆಡಲು ಮೆತ್ತಗಿದ್ದರೆ ಒಂದು ವಿಚಿತ್ರ ಕಾರಣವನ್ನು ನೆನಪಿಡಿರಿ. ಹಿಂದೆ ಯಾರೋ ರಿಪೇರಿ ಮಾಡುವಾಗ ಎಡಗಡೆಯ ಕ್ಯಾಲಿಪರನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಕೂಡಿಸಿದ್ದರೆ ಗಾಳಿ ಬಿಡುವ ತಿರುಪು ಕೆಳಗಾಗುವದು. ಗಾಳಿಯಾದರೋ ಮೇಲೆಯೇ ನಿಲ್ಲುವದು. ಎಷ್ಟು ಸಾರಿ ಬಿಟ್ಟರೂ ದ್ರವ ಮಾತ್ರ ಹೊರಗೆ ಬರುವದು. ಎಬಿಎಸ್ ಇರುವ ಕೆಲವು ಕಾರುಗಳಲ್ಲಿ ಗಾಳಿಯನ್ನು ಪೂರ್ತಿಯಾಗಿ ತೆಗೆಯಲಿಕ್ಕೆ ಬೇರೆ ಯಂತ್ರವೇ ಬೇಕು.

ಕಾರಣ ಸಿಕ್ಕುವ ತನಕ ಕಾರನ್ನು ರಸ್ತೆಗೆ ತರದೆ ಮೆಕ್ಯಾನಿಕರನ್ನೇ ಮನೆಗೆ ಕರೆಯಿಸಿರಿ. “ಬ್ರೇಕು ಸರಿಯಿಲ್ಲ” ಎನ್ನುವದಕ್ಕಿಂತ, ಪೆಡಲು ಇಳಿಯುತ್ತದೋ ಪುಟಿಯುತ್ತದೋ ಎಂಬದನ್ನು ಹೇಳಿರಿ. ತೆಗೆದ ಹಳೆಯ ಭಾಗವನ್ನು ಕೇಳಿ ತೆಗೆದುಕೊಂಡು ನೋಡಿರಿ; ರಿಪೇರಿಯಾದ ಕಾರನ್ನು ಮೊದಲು ಅಂಗಳದಲ್ಲಿಯೇ ಮೆಲ್ಲನೆ ನಡಿಸಿರಿ.